ಆರನೇ ಕ್ಲಾಸಿಗೆ ಹೊರಟ ಹುಡುಗ

ಹೊಸ ಬ್ಯಾಗ್, ಹೊಸ ಜಾಮಿಟ್ರಿ ಬಾಕ್ಸ್ ಕೊಂಡರೆ ತಯಾರಿ ಮುಗಿಯಿತೇ? ಐದು ಮುಗಿಸಿ ಆರಕ್ಕೆ ಕಾಲಿಡುವ ಹುಡುಗನಿಗೆ ಮೇಷ್ಟ್ರು ಬದಲಾಗುತ್ತಾರೆ, ದಾರಿ ಬದಲಾಗುತ್ತದೆ, ಮೈಯೂ ಬದಲಾಗತೊಡಗುತ್ತದೆ. ಟ್ಯೂಷನ್ ಹುಡುಕುವ ಮೊದಲು ಅವನಿಗೆ ಕಲಿಸಬೇಕಾದ್ದು ತನ್ನ ಕೆಲಸ ತಾನೇ ನೋಡಿಕೊಳ್ಳುವ ರೂಢಿ.

ಮೇ ತಿಂಗಳ ಕೊನೆಯ ವಾರ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಪುಸ್ತಕದಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಇನ್ನೂರು ಪುಟದ ನೋಟ್‌ಬುಕ್ಕುಗಳ ಅಟ್ಟಿ, ಮೂಲೆಯಲ್ಲಿ ಖಾಕಿ ಬೈಂಡ್ ಕಾಗದದ ಸುರುಳಿ, ತಲೆಯ ಮೇಲೆ ತೂಗುಬಿಟ್ಟ ಬ್ಯಾಗುಗಳು. ಅಪ್ಪನ ಕೈಯಲ್ಲಿ ಚೀಟಿ. ಮಗನ ಕಣ್ಣು ತಗಡಿನ ಜಾಮಿಟ್ರಿ ಬಾಕ್ಸಿನ ಮೇಲೆ. ಮುಚ್ಚಳ ತೆಗೆದರೆ ಹೊಳೆಯುವ ಕೈವಾರ, ಕೋನಮಾಪಕ, ಎರಡು ಮೂಲೆಪಟ್ಟಿ.

ಚೀಟಿಯಲ್ಲಿದ್ದದ್ದೆಲ್ಲ ಕೊಂಡದ್ದಾಯಿತು. ಅಂಗಡಿಯ ಮೆಟ್ಟಿಲಿಳಿಯುವಾಗ ಹುಡುಗ ಕೇಳುತ್ತಾನೆ: “ಅಪ್ಪಾ, ಅಲ್ಲಿ ಒಂದೊಂದು ಪೀರಿಯಡ್‌ಗೂ ಬೇರೆ ಬೇರೆ ಮೇಷ್ಟ್ರು ಬರ್ತಾರಂತೆ. ಹೋಂವರ್ಕ್ ಯಾರಿಗೆ ತೋರಿಸ್ಬೇಕು?”

ಚೀಟಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಆರನೇ ತರಗತಿಯ ನಿಜವಾದ ಕಷ್ಟ ಇರುವುದು ಮಾತ್ರ ಇಲ್ಲೇ.

ಕಿರಿಯದಿಂದ ಹಿರಿಯಕ್ಕೆ

ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯವರೆಗಿನದು ಕಿರಿಯ ಪ್ರಾಥಮಿಕ. ಆರನೆಯದರಿಂದ ಹಿರಿಯ ಪ್ರಾಥಮಿಕ. ಅದು ಕೆಲವು ಶಾಲೆಗಳಲ್ಲಿ ಏಳಕ್ಕೆ, ಕೆಲವುಗಳಲ್ಲಿ ಎಂಟಕ್ಕೆ ಮುಗಿಯುತ್ತದೆ. ಹಳೆಯ ತಲೆಮಾರಿನವರ ಬಾಯಲ್ಲಿ ಇದು ‘ಮಿಡ್ಲ್ ಸ್ಕೂಲು’. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಆರರಿಂದ ಎಂಟರವರೆಗಿನ ಮೂರು ವರ್ಷಗಳನ್ನು ಪ್ರತ್ಯೇಕ ಮಧ್ಯಮ ಹಂತವೆಂದು ಗುರುತಿಸಿದೆ.

ಒಂದೇ ಕಾಂಪೌಂಡಿನೊಳಗೆ ಒಂದರಿಂದ ಏಳರವರೆಗೆ ಇರುವ ಶಾಲೆಯಲ್ಲಿ ಈ ದಾಟು ಅಷ್ಟಾಗಿ ತಿಳಿಯುವುದಿಲ್ಲ. ಕೊಠಡಿ ಬದಲಾಗುತ್ತದೆ, ಹೆಡ್‌ಮಾಸ್ಟರು ಅವರೇ, ಬೇವಿನ ಮರವೂ ಅದೇ. ಊರಲ್ಲಿ ಐದರವರೆಗಷ್ಟೇ ಇದ್ದು, ಆರಕ್ಕೆ ಪಕ್ಕದ ಊರಿಗೋ ಹೋಬಳಿ ಕೇಂದ್ರಕ್ಕೋ ಹೋಗಬೇಕಾದ ಹುಡುಗನಿಗೆ ಅದು ಹೊಸ ಲೋಕ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು. ಹಿರಿಯ ಪ್ರಾಥಮಿಕ ಶಾಲೆಗೆ ಮೂರು ಕಿಲೋಮೀಟರ್‌ವರೆಗೆ ಅವಕಾಶವಿದೆ. ನಡೆದು ಹೋಗುವ ಹನ್ನೊಂದರ ಹುಡುಗನಿಗೆ ಅದು ಮುಕ್ಕಾಲು ಗಂಟೆಯ ದಾರಿ.

ಶಾಲೆಯ ಸಮಯವೂ ಹಿಗ್ಗುತ್ತದೆ. ಅದೇ ಕಾಯ್ದೆ ಐದರವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆಗಳ ಬೋಧನೆ ಎನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಅಂದರೆ ಒಂದೇ ಏಟಿಗೆ ನಾಲ್ಕನೇ ಒಂದು ಭಾಗ ಹೆಚ್ಚು ಪಾಠ.

ಪಾಠ ಹೇಳುವವರೂ ಬೇರೆ. ಕಿರಿಯ ಶಾಲೆಯಲ್ಲಿ ಒಬ್ಬರೇ ಟೀಚರು ಕನ್ನಡವನ್ನೂ ಲೆಕ್ಕವನ್ನೂ ಪರಿಸರವನ್ನೂ ಕಲಿಸಿರುತ್ತಾರೆ. ಯಾವ ಹುಡುಗ ಬೆಳಗ್ಗೆ ತಿಂಡಿ ತಿಂದಿಲ್ಲ, ಯಾರ ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ ಎಂಬುದು ಅವರಿಗೆ ಗೊತ್ತು. ಆರರಿಂದ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಬೇಕೆಂಬುದು ಕಾಯ್ದೆಯ ಆಶಯ. ವಿಷಯ ಚೆನ್ನಾಗಿ ಬಲ್ಲವರು ಸಿಗುತ್ತಾರೆ ಎಂಬುದು ಲಾಭ. ದಿನವಿಡೀ ಒಂದೇ ಮಗುವನ್ನು ಗಮನಿಸುವವರು ಯಾರೂ ಇರುವುದಿಲ್ಲ ಎಂಬುದು ನಷ್ಟ.

ಚೌಕಟ್ಟು 1: ಮಿಡ್ಲ್ ಸ್ಕೂಲಿನ ಹಿಂದಿನ ಕಥೆ

• ಮುಂಬೈ ಕರ್ನಾಟಕದ ಹಿರಿಯರಿಗೆ ಏಳನೇ ಇಯತ್ತೆ ಎಂದರೆ ‘ಮುಲ್ಕಿ’ ಪರೀಕ್ಷೆ. ಅದು ಪಾಸಾದವರಿಗೆ ಊರಲ್ಲಿ ಮರ್ಯಾದೆ ಇತ್ತು. ಕನ್ನಡ ಶಾಲೆಯ ಮಾಸ್ತರಿಕೆಗೂ ದಾರಿ ತೆರೆಯುತ್ತಿತ್ತು.

• ಅಮೆರಿಕದಲ್ಲಿ ಮೊದಲ ‘ಜೂನಿಯರ್ ಹೈಸ್ಕೂಲ್’ 1909ರಲ್ಲಿ ಓಹಿಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಶುರುವಾಯಿತು. ಚಿಕ್ಕ ಮಕ್ಕಳೂ ಅಲ್ಲದ, ದೊಡ್ಡವರೂ ಅಲ್ಲದ ವಯಸ್ಸಿಗೆ ಬೇರೆಯದೇ ಶಾಲೆ ಬೇಕೆಂಬ ವಾದ 1960ರ ದಶಕದಲ್ಲಿ ‘ಮಿಡ್ಲ್ ಸ್ಕೂಲ್’ ಹೆಸರಿನಲ್ಲಿ ಹಬ್ಬಿತು.

• 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಪ್ರತಿ ವಿದ್ಯಾರ್ಥಿಗೂ ಹತ್ತು ದಿನಗಳ ‘ಬ್ಯಾಗಿಲ್ಲದ’ ಅವಧಿ ಇರಬೇಕೆನ್ನುತ್ತದೆ. ಆ ದಿನಗಳಲ್ಲಿ ಬಡಗಿ, ಕುಂಬಾರ, ತೋಟಗಾರರಂಥ ಕಸುಬುದಾರರ ಜೊತೆ ಕಲಿಕೆ.

ಎಡವುವುದು ಎಲ್ಲಿ?

ಆರನೇ ತರಗತಿಯ ಮೊದಲ ಟೆಸ್ಟಿನಲ್ಲಿ ಅಂಕ ಇಳಿದರೆ ಮನೆಮಂದಿ ಹುಡುಗನ ಬುದ್ಧಿಯನ್ನು ದೂರುತ್ತಾರೆ. ಎಡವಟ್ಟು ಅನೇಕ ಸಲ ಪುಸ್ತಕದ ಹೊರಗಿರುತ್ತದೆ. ಸಮಾಜದ ನೋಟ್ಸ್ ಮನೆಯಲ್ಲೇ ಉಳಿದಿರುತ್ತದೆ. ಹಿಂದಿ ಮೇಡಂ ಕೊಟ್ಟ ಹೋಂವರ್ಕನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿರುತ್ತಾನೆ. ಗುರುವಾರದ ಟೆಸ್ಟು ಬುಧವಾರ ರಾತ್ರಿ ಮಲಗುವಾಗ ನೆನಪಾಗುತ್ತದೆ. ಇವೆಲ್ಲ ಕ್ರಮ ತಪ್ಪಿದ್ದರ ಫಲ. ಈವರೆಗೆ ಆ ಕ್ರಮವನ್ನು ಟೀಚರೋ ಅಮ್ಮನೋ ಕಾಯ್ದುಕೊಂಡು ಬಂದಿದ್ದರಿಂದ ಅವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಇನ್ನೊಂದು ಕಾರಣ, ಬದಲಾವಣೆಗಳು ಒಟ್ಟಿಗೇ ಮುಗಿಬೀಳುವುದು. ಅಮೆರಿಕದ ಮಿಲ್ವಾಕಿ ನಗರದ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸಮಾಜವಿಜ್ಞಾನಿಗಳಾದ ರಾಬರ್ಟಾ ಸಿಮನ್ಸ್ ಮತ್ತು ಡೇಲ್ ಬ್ಲೈತ್ 1987ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಹೊಸ ಶಾಲೆ, ಮೈಯ ಬೆಳವಣಿಗೆ, ಮನೆ ಬದಲಾವಣೆ, ಕುಟುಂಬದಲ್ಲಿ ಏರುಪೇರು ಇವೆಲ್ಲ ಒಂದೇ ಹೊತ್ತಿನಲ್ಲಿ ಬಂದ ಮಕ್ಕಳು ಹೆಚ್ಚು ಬಳಲಿದ್ದರು. ಎಲ್ಲ ಬದಲಾದರೂ ಒಂದಾದರೂ ನೆಮ್ಮದಿಯ ನೆಲೆ ಉಳಿದಿರಬೇಕು ಎಂಬುದು ಆ ಅಧ್ಯಯನದಿಂದ ಹೊಮ್ಮಿದ ಪಾಠ. ಸಂಜೆಯ ಗಲ್ಲಿ ಕ್ರಿಕೆಟ್, ಅಜ್ಜನ ಜೊತೆ ರಾತ್ರಿಯ ಊಟ, ಭಾನುವಾರದ ಈಜು, ಇಂಥದ್ದೊಂದು ಸಾಕು. ಆರನೇ ತರಗತಿ ಬಂತೆಂದು ಆಟ ಬಿಡಿಸಿ ಟ್ಯೂಷನ್ನಿಗೆ ಹಾಕುವ ಮನೆಗಳು ಆ ನೆಲೆಯನ್ನೇ ಕಿತ್ತುಕೊಳ್ಳುತ್ತವೆ.

ಹೇಳಬೇಕಾದ ಎರಡು ಮಾತು

ಹೊಸ ಶಾಲೆಗೆ ಹೋಗುವ ಮಗನಿಗೆ “ಹೆದರಬೇಡ” ಎನ್ನುವುದು ಎಲ್ಲರ ಮನೆಯ ಮಾತು. ಅದರಿಂದ ಹೆದರಿಕೆ ಕಡಿಮೆಯಾಗುವುದಿಲ್ಲ. ಹೆದರುವುದು ತಪ್ಪೆಂಬ ಭಾವನೆ ಮಾತ್ರ ಸೇರಿಕೊಳ್ಳುತ್ತದೆ. ಗಂಡುಮಕ್ಕಳ ವಿಷಯದಲ್ಲಿ ಇದು ಇನ್ನೂ ಬಿಗಿ: “ಗಂಡಸಾಗಿ ಅಳ್ತೀಯಾ?” ಎಂಬ ಮಾತು ಹನ್ನೊಂದನೇ ವಯಸ್ಸಿಗೇ ಬಾಯಿ ಮುಚ್ಚಿಸಿರುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಜೆಫ್ರಿ ಬೋರ್ಮನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ದಾರಿ ತೋರಿಸುತ್ತದೆ. 11 ಮಿಡ್ಲ್ ಸ್ಕೂಲುಗಳಲ್ಲಿ ಆರನೇ ತರಗತಿಗೆ ಹೊಸದಾಗಿ ಸೇರಿದ 1,304 ಮಕ್ಕಳು ಅದರಲ್ಲಿದ್ದರು. ಒಂದು ಗುಂಪಿನ ಮಕ್ಕಳಿಗೆ ಹಿಂದಿನ ವರ್ಷದ ವಿದ್ಯಾರ್ಥಿಗಳ ಅನುಭವ ಓದಲು ಕೊಟ್ಟರು: ಮೊದಮೊದಲು ಎಲ್ಲರಿಗೂ ದಿಗಿಲಾಗುತ್ತದೆ, ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ, ಕೇಳಿದರೆ ಸಹಾಯ ಸಿಗುತ್ತದೆ. ಅನಂತರ ಅದರ ಬಗ್ಗೆ ತಮ್ಮದೇ ಮಾತಿನಲ್ಲಿ ಬರೆಯಲು ಹೇಳಿದರು. ಕೆಲವೇ ನಿಮಿಷಗಳ ಎರಡು ಬರವಣಿಗೆ, ಅಷ್ಟೇ. ವರ್ಷದ ಕೊನೆಗೆ ಆ ಗುಂಪಿನಲ್ಲಿ ಶಿಸ್ತು ಕ್ರಮದ ಪ್ರಕರಣಗಳು ಶೇ 34, ಗೈರುಹಾಜರಿ ಶೇ 12, ಫೇಲಾದ ವಿಷಯಗಳು ಶೇ 18ರಷ್ಟು ಕಡಿಮೆಯಾಗಿದ್ದವು.

ಇದಕ್ಕೆ ಮನೆಯಲ್ಲಿ ಖರ್ಚೇನೂ ಇಲ್ಲ. ಅದೇ ಬೀದಿಯಲ್ಲಿ ಈ ವರ್ಷ ಏಳಕ್ಕೆ ಹೋಗುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ರಜೆಯಲ್ಲಿ ಅವನನ್ನು ಕರೆದು ತಿಂಡಿ ಕೊಟ್ಟು, ಇಬ್ಬರನ್ನೂ ಮಾತಾಡಲು ಬಿಟ್ಟರಾಯಿತು. ಯಾವ ಮೇಷ್ಟ್ರು ಜೋರು, ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಶೌಚಾಲಯ ಎಲ್ಲಿದೆ, ಊಟದ ತಟ್ಟೆ ಎಲ್ಲಿ ತೊಳೆಯಬೇಕು ಎಂಬುದನ್ನು ಅಪ್ಪನಿಗಿಂತ ಅವನೇ ಚೆನ್ನಾಗಿ ಬಲ್ಲ. “ನಂಗೂ ಮೊದಲ ವಾರ ಹೊಟ್ಟೆನೋವು ಬರ್ತಿತ್ತು ಕಣೋ” ಎಂದು ಅವನು ಹೇಳಿದರೆ, ಅದು ನೂರು ಉಪದೇಶಕ್ಕೆ ಸಮ.

ಕಾಗದಪತ್ರ ಮೊದಲು

ಶಾಲೆ ಬದಲಾಗುವುದಾದರೆ ಟಿಸಿ ಬೇಕು. ಈಗ ಅದು ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿರುವ ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆಯ ಜೊತೆ ಹೋಗುತ್ತದೆ. ಟಿಸಿ ಕೈಗೆ ಬಂದ ಕೂಡಲೇ ಮಡಚಿ ಇಡದೆ, ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತವೆಯೇ ಎಂದು ಅಕ್ಷರ ಅಕ್ಷರ ನೋಡಬೇಕು. ಈಗ ಉಳಿದ ಒಂದು ಕಾಗುಣಿತದ ತಪ್ಪು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೆ ಹಿಂಬಾಲಿಸುತ್ತದೆ. ವಿದ್ಯಾರ್ಥಿವೇತನಕ್ಕೆ ಬೇಕಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೂ ನಾಡಕಚೇರಿಯಲ್ಲಿ ಜೂನ್ ನೂಕುನುಗ್ಗಲಿಗೆ ಮುಂಚೆಯೇ ಅರ್ಜಿ ಹಾಕಿದರೆ ಒಳ್ಳೆಯದು.

ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವವರಿಗೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಬೆಂಬಲವಾಗಿದೆ. ಹಳೆಯ ಶಾಲೆಯ ಮುಖ್ಯಸ್ಥರು ಟಿಸಿಯನ್ನು ತಕ್ಷಣ ಕೊಡಬೇಕು. ತಡವಾಯಿತೆಂಬ ನೆಪಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಚೌಕಟ್ಟು 2: ಆರಕ್ಕೇ ಬಾಗಿಲು ತೆರೆಯುವ ಶಾಲೆಗಳು

• ಜವಾಹರ ನವೋದಯ ವಿದ್ಯಾಲಯ: ಐದನೇ ತರಗತಿಯಲ್ಲಿ ಓದುತ್ತಿರುವಾಗಲೇ ಬರೆಯುವ ಪರೀಕ್ಷೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಲೆಕ್ಕ ಮತ್ತು ಭಾಷೆಗೆ. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ.

• ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು: ಪ್ರವೇಶ ಆರನೇ ತರಗತಿಗೆ.

• ಆದರ್ಶ ವಿದ್ಯಾಲಯ: ಆರರಿಂದ ಇಂಗ್ಲಿಷ್ ಮಾಧ್ಯಮ, ಪ್ರವೇಶ ಪರೀಕ್ಷೆ ಉಂಟು.

• ಸೈನಿಕ ಶಾಲೆ: ರಾಜ್ಯದಲ್ಲಿ ವಿಜಯಪುರದ್ದು 1963ರಿಂದ ಇದೆ, ಕೊಡಗಿನದು ಅನಂತರ ಬಂದದ್ದು. ಆರನೇ ತರಗತಿಗೆ ವಯಸ್ಸು 10ರಿಂದ 12.

ಟ್ರಂಕು ಮತ್ತು ಬೀಗದ ಕೈ

ಹಾಸ್ಟೆಲ್‌ಗೆ ಹೊರಟವನ ತಯಾರಿಯೇ ಬೇರೆ. ಪರೀಕ್ಷೆ ಪಾಸಾದ ಸಂಭ್ರಮದಲ್ಲಿ ಮರೆತುಹೋಗುವ ಸಂಗತಿಯೆಂದರೆ, ಆ ಹುಡುಗನಿಗೆ ಬಟ್ಟೆ ಒಗೆದು ಗೊತ್ತಿಲ್ಲ. ಅಂಗಿಯ ಕಾಲರಿಗೆ ಸೋಪು ಹಚ್ಚಿ ಉಜ್ಜುವುದು, ಒದ್ದೆ ಟವೆಲ್ ಮಡಚಿಡದೆ ಹರವುವುದು, ಹಾಸಿಗೆ ಸುತ್ತುವುದು, ಉಗುರು ಕತ್ತರಿಸಿಕೊಳ್ಳುವುದು, ತಟ್ಟೆ ತೊಳೆಯುವುದು ಎಲ್ಲವೂ ಬೇಸಿಗೆ ರಜೆಯಲ್ಲಿ ಮನೆಯ ಹಿತ್ತಲಲ್ಲೇ ಕಲಿಯಬೇಕಾದ ಪಾಠಗಳು. ಬಟ್ಟೆಯ ಒಳಮಗ್ಗುಲಿಗೆ ಅಳಿಸದ ಶಾಯಿಯಲ್ಲಿ ಹೆಸರು ಬರೆದಿರಬೇಕು. ಟ್ರಂಕಿನ ಎರಡು ಬೀಗದ ಕೈಗಳಲ್ಲಿ ಒಂದು ವಾರ್ಡನ್ ಬಳಿ, ಇನ್ನೊಂದು ಹುಡುಗನ ಉಡಿದಾರದಲ್ಲಿ. ಅಮ್ಮನ ಫೋನ್ ನಂಬರ್ ಮೊಬೈಲಿನಲ್ಲಿ ಇದ್ದರೆ ಸಾಲದು, ಬಾಯಿಪಾಠವಾಗಿರಬೇಕು.

ಮನೆಯ ನೆನಪಿಗೆ ಅಳು ಬರುವುದು ಸಹಜ. ಮೊದಲ ಫೋನಿಗೇ “ಬಂದು ಕರ್ಕೊಂಡು ಹೋಗ್ತೀನಿ” ಎಂದರೆ ಅವನು ಅಲ್ಲಿ ನಿಲ್ಲುವುದು ಕಷ್ಟ. ಮುಂದಿನ ಭೇಟಿಯ ದಿನ ಯಾವುದೆಂದು ಹೇಳಿ, ಆ ದಿನ ತಪ್ಪದೆ ಹೋಗಬೇಕು.

ದಾರಿ ಗೊತ್ತಿರಲಿ

ದಿನವೂ ಓಡಾಡುವವನಿಗೆ ದಾರಿಯೇ ಮೊದಲ ಪಾಠ. ಶಾಲೆ ಶುರುವಾಗುವ ಮುನ್ನ ಮೂರು ಸಲ ಹೋಗಿಬಂದರೆ ಸಾಕು: ಮೊದಲ ಸಲ ದೊಡ್ಡವರು ಮುಂದೆ, ಎರಡನೇ ಸಲ ಹುಡುಗ ಮುಂದೆ, ಮೂರನೇ ಸಲ ಹುಡುಗನೂ ಅವನ ಗೆಳೆಯನೂ. ರಸ್ತೆ ದಾಟುವ ಜಾಗ, ಮಳೆಗಾಲದಲ್ಲಿ ತುಂಬುವ ಹಳ್ಳ, ನಾಯಿಗಳ ಬೀದಿ, ನೀರು ಕೇಳಬಹುದಾದ ಪರಿಚಯದ ಮನೆ ಇವೆಲ್ಲ ಅವನ ತಲೆಯಲ್ಲಿ ನಕ್ಷೆಯಾಗಿ ಕೂರಬೇಕು. ಬಸ್ಸು ತಪ್ಪಿದರೆ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಲಿ: ಎಲ್ಲಿ ನಿಲ್ಲಬೇಕು, ಯಾರ ಫೋನಿನಿಂದ ಮಾತಾಡಬೇಕು, ಯಾರ ಬೈಕ್ ಹತ್ತಬಾರದು.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಅಕ್ಕನಿಗೆ ಗುರುತಿನ ಚೀಟಿ ಸಾಕು. ತಮ್ಮನಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಪಾಸಿಗೆ ಪ್ಲಾಸ್ಟಿಕ್ ಕವರು, ಅದಕ್ಕೊಂದು ದಾರ, ಇಡಲು ಬ್ಯಾಗಿನಲ್ಲಿ ಒಂದೇ ನಿಶ್ಚಿತ ಜಾಗ.

ಬ್ಯಾಗು ಯಾರ ಕೆಲಸ?

ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ 6ರಿಂದ 8ನೇ ತರಗತಿಯ ಮಕ್ಕಳ ಬ್ಯಾಗಿನ ತೂಕ 3ರಿಂದ 4 ಕಿಲೋ ಮೀರಬಾರದು. 3ರಿಂದ 5ನೇ ತರಗತಿಗೆ ಇದ್ದ ಮಿತಿ 2ರಿಂದ 3 ಕಿಲೋ. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡದ ‘ಸಂಭ್ರಮ ಶನಿವಾರ’. ತೂಕ ಮಿತಿ ಮೀರಲು ಮುಖ್ಯ ಕಾರಣ, ಬೇಕೋ ಬೇಡವೋ ಎಲ್ಲ ಪುಸ್ತಕವನ್ನೂ ತುಂಬಿಕೊಂಡು ಹೋಗುವುದು. ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕಿಲೋ.

ಇದಕ್ಕೆ ಸರಳ ಉಪಾಯ, ಓದುವ ಜಾಗದ ಗೋಡೆಗೆ ಅಂಟಿಸಿದ ವೇಳಾಪಟ್ಟಿ. ರಾತ್ರಿ ಊಟಕ್ಕೆ ಮುಂಚೆ ಹುಡುಗ ಅದರ ಮುಂದೆ ನಿಂತು ಮರುದಿನದ ವಿಷಯಗಳನ್ನು ಜೋರಾಗಿ ಓದುತ್ತಾನೆ. ಒಂದೊಂದು ಹೆಸರಿಗೂ ಒಂದು ಪಠ್ಯ, ಒಂದು ನೋಟ್ಸ್ ಬ್ಯಾಗಿಗೆ ಇಳಿಯುತ್ತದೆ. ಕನ್ನಡಕ್ಕೆ ಕೆಂಪು ಲೇಬಲ್, ಗಣಿತಕ್ಕೆ ನೀಲಿ, ಹಿಂದಿಗೆ ಹಳದಿ ಎಂದು ಬಣ್ಣ ಹಚ್ಚಿಟ್ಟರೆ ಹುಡುಕಾಟ ತಪ್ಪುತ್ತದೆ. ಎಲ್ಲ ವಿಷಯದ ಹೋಂವರ್ಕ್ ಬರೆದುಕೊಳ್ಳಲು ಒಂದೇ ಚಿಕ್ಕ ಡೈರಿ. ಅಂಗಡಿಯ ಮೆಟ್ಟಿಲಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ಆ ಡೈರಿಯೇ ಉತ್ತರ: ಯಾರು ಕೊಟ್ಟರು, ಏನು ಕೊಟ್ಟರು, ಯಾವತ್ತು ತೋರಿಸಬೇಕು ಎಂಬ ಮೂರು ಕಾಲಂ.

ಮೊದಲ ವಾರ ಅಮ್ಮ ಪಕ್ಕದಲ್ಲಿ ಕೂರಲಿ. ಎರಡನೇ ವಾರ ಅವನು ತುಂಬಿದ ಮೇಲೆ ನೋಡಲಿ. ಮೂರನೇ ವಾರ ನೋಡುವುದನ್ನೂ ಬಿಡಲಿ. ಒಂದು ದಿನ ಪುಸ್ತಕ ಮರೆತು ಮೇಷ್ಟ್ರಿಂದ ಒಂದು ಮಾತು ಕೇಳಿಸಿಕೊಂಡರೆ ಮರುದಿನ ಮರೆಯುವುದಿಲ್ಲ. ಮರೆತ ಪುಸ್ತಕ ಹಿಡಿದು ಅಪ್ಪ ಸ್ಕೂಟರಿನಲ್ಲಿ ಶಾಲೆಗೆ ಓಡಿದರೆ ಆ ಪಾಠ ಅಪ್ಪನಿಗಾಗುತ್ತದೆ, ಮಗನಿಗಲ್ಲ.

ಪಾಠದಲ್ಲಿ ಹೊಸದೇನು?

ಐದರವರೆಗೆ ಒಂದೇ ಪುಸ್ತಕವಾಗಿದ್ದ ಪರಿಸರ ಅಧ್ಯಯನ ಆರರಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನವೆಂದು ಕವಲೊಡೆಯುತ್ತದೆ. ಗಣಿತದಲ್ಲಿ ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳು, ಅನುಪಾತ, ಅಂಕಿಯ ಜಾಗದಲ್ಲಿ ಅಕ್ಷರ ಕೂರುವ ಬೀಜಗಣಿತ ಬರುತ್ತವೆ. ಇವು ಹೊಸದಾಗಿರುವುದರಿಂದ ಎಲ್ಲರಿಗೂ ಆರಂಭ ಒಂದೇ. ಕಾಲೆಳೆಯುವುದು ಹಳೆಯ ಬಾಕಿ: ಮಗ್ಗಿ, ಎರಡಂಕಿಯ ಭಾಗಾಕಾರ, ಭಿನ್ನರಾಶಿ. ರಜೆಯಲ್ಲಿ ಆರನೇ ತರಗತಿಯ ಪುಸ್ತಕ ಮೊದಲೇ ಓದಿಸುವ ಬದಲು ದಿನಕ್ಕೆ ಇಪ್ಪತ್ತು ನಿಮಿಷ ಈ ಮೂರನ್ನು ತಿದ್ದಿದರೆ ಹೆಚ್ಚು ಪ್ರಯೋಜನ. ಹೋಳಿಗೆಯನ್ನು ಎಂಟು ಪಾಲು ಮಾಡಿ ಮೂರು ಪಾಲು ತಿಂದವನಿಗೆ ಎಂಟನೇ ಮೂರರ ಅರ್ಥ ಬೇರೆ ಹೇಳಬೇಕಿಲ್ಲ.

ಮೂರನೇ ಭಾಷೆಯೂ ಆರರಲ್ಲೇ ಶುರು; ಬಹುತೇಕ ಶಾಲೆಗಳಲ್ಲಿ ಅದು ಹಿಂದಿ. ಅಕ್ಷರಮಾಲೆಯ ಕ್ರಮ ಕನ್ನಡದ್ದೇ ಆದ್ದರಿಂದ ಕ, ಖ, ಗ ಕಲಿಯಲು ತಡವಾಗದು. ತಲೆ ತಿನ್ನುವುದು ಲಿಂಗ. ಕನ್ನಡದ ಹುಡುಗನಿಗೆ ರೈಲು ಬರುತ್ತದೆ, ಹೋಗುತ್ತದೆ. ಹಿಂದಿಯಲ್ಲಿ ನಪುಂಸಕಲಿಂಗವೇ ಇಲ್ಲದ್ದರಿಂದ ಗಾಡಿ ಸ್ತ್ರೀಲಿಂಗವಾಗಿ ‘ಆತೀ ಹೈ’. ನಿಯಮ ಉರು ಹೊಡೆಯುವುದಕ್ಕಿಂತ ಪ್ರತಿ ಪದವನ್ನೂ ಒಂದು ಚಿಕ್ಕ ವಾಕ್ಯದೊಳಗೇ ಇಟ್ಟು ಕಲಿಯುವುದು ಸುಲಭ.

ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾರುವವನಿಗೆ ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು ಎಡಗಡೆ ಅಂಶ, ಛೇದ, ಸುತ್ತಳತೆ, ಬಲಗಡೆ ನ್ಯೂಮರೇಟರ್, ಡಿನಾಮಿನೇಟರ್, ಪೆರಿಮೀಟರ್ ಎಂದು ಬರೆಯುತ್ತಾ ಹೋದರೆ ದಸರಾ ಹೊತ್ತಿಗೆ ಅವನದೇ ಒಂದು ನಿಘಂಟು ಸಿದ್ಧ.

ಸರ್ಕಾರಿ ಶಾಲೆಗಳಲ್ಲಿ ಜೂನ್ ಮೊದಲ ವಾರಗಳು ‘ಸೇತುಬಂಧ’ಕ್ಕೆ ಮೀಸಲು. ಹಿಂದಿನ ತರಗತಿಯಲ್ಲಿ ಎಷ್ಟು ಕಲಿತಿದ್ದಾರೆಂದು ನೈದಾನಿಕ ಪರೀಕ್ಷೆಯಲ್ಲಿ ನೋಡಿ, ಕೊರತೆ ತುಂಬಿ, ಸಾಫಲ್ಯ ಪರೀಕ್ಷೆಯಲ್ಲಿ ಮತ್ತೆ ಅಳೆಯುತ್ತಾರೆ. ಆ ಉತ್ತರಪತ್ರಿಕೆಯನ್ನು ಕೇಳಿ ನೋಡುವ ತಂದೆತಾಯಿ ಕಡಿಮೆ. ಮಗನ ಬಾಕಿ ಎಲ್ಲಿದೆ ಎಂದು ಅದರಷ್ಟು ಸ್ಪಷ್ಟವಾಗಿ ಹೇಳುವ ಕಾಗದ ಬೇರೊಂದಿಲ್ಲ.

ಮೈ ಬದಲಾಗುವ ಹೊತ್ತು

ಆರನೇ ತರಗತಿಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಎತ್ತರದವರೆಲ್ಲ ಹುಡುಗಿಯರು. ಹೆಣ್ಣುಮಕ್ಕಳ ಬೆಳವಣಿಗೆಯ ಜಿಗಿತ ಸುಮಾರು ಎರಡು ವರ್ಷ ಮೊದಲೇ ಬರುವುದರಿಂದ ಹುಡುಗರು ಆಗ ಚಿಕ್ಕವರಾಗಿ ಕಾಣುತ್ತಾರೆ. ಹುಡುಗರಲ್ಲಿ ಪ್ರಾಯದ ಲಕ್ಷಣಗಳು ಶುರುವಾಗುವುದು 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ. ಹಾಗಾಗಿ ಒಂದೇ ಬೆಂಚಿನಲ್ಲಿ ದನಿ ಒಡೆದವನೂ ಹಾಲುಗಲ್ಲದವನೂ ಒಟ್ಟಿಗೆ ಕೂತಿರುತ್ತಾರೆ. ಮುಂಚೆ ಬೆಳೆದವನಿಗೆ ಮುಜುಗರ, ತಡವಾದವನಿಗೆ ಚಿಂತೆ. ಎರಡೂ ಸರಿಯಾದ ಬೆಳವಣಿಗೆಯೇ ಎಂದು ಇಬ್ಬರಿಗೂ ಯಾರಾದರೂ ಹೇಳಬೇಕು.

ಹೆಣ್ಣುಮಕ್ಕಳಿಗೆ ಅಮ್ಮನೋ ಅಕ್ಕನೋ ಒಂದಿಷ್ಟು ಹೇಳಿರುತ್ತಾರೆ. ಹುಡುಗರಿಗೆ ಹೇಳುವವರೇ ಇಲ್ಲ. ಅವರು ಕಲಿಯುವುದು ಮೊಬೈಲಿನಿಂದ ಅಥವಾ ದೊಡ್ಡ ಹುಡುಗರ ಪೋಲಿ ಮಾತಿನಿಂದ. ದನಿ ಒಡೆಯುವುದು, ಬೆವರಿನ ವಾಸನೆ, ಮೊಡವೆ, ಕೂದಲು ಮೂಡುವುದು, ನಿದ್ದೆಯಲ್ಲಿ ಸ್ಖಲನವಾಗುವುದು, ಕೆಲವರಲ್ಲಿ ಕೆಲವು ತಿಂಗಳು ಎದೆ ಉಬ್ಬಿದಂತಾಗುವುದು ಎಲ್ಲವೂ ಸಹಜ. ಅಪ್ಪನೋ ಮಾವನೋ ಚಿಕ್ಕಪ್ಪನೋ ಬೈಕಿನಲ್ಲಿ ಹೋಗುವಾಗ, ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ, ಐದು ನಿಮಿಷ ಮಾತಾಡಿದರೆ ಸಾಕು. ಒಮ್ಮೆಲೇ ಎಲ್ಲ ಹೇಳಬೇಕೆಂದಿಲ್ಲ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ಆರಕ್ಕೆ ಏಳಬೇಕಾದವನು ಒಂಬತ್ತಕ್ಕೆ ಮಲಗಿರಬೇಕು. ರಜೆಯಲ್ಲಿ ಹನ್ನೊಂದಕ್ಕೆ ಮಲಗಿ ರೂಢಿಯಾದವನನ್ನು ಶಾಲೆ ಶುರುವಾಗುವ ಹತ್ತು ದಿನ ಮುಂಚಿನಿಂದಲೇ ದಿನಕ್ಕೆ ಕಾಲುಗಂಟೆಯಂತೆ ಹಿಂದಕ್ಕೆ ತರುವುದು ಲೇಸು. ಹತ್ತನೇ ವರ್ಷಕ್ಕೆ ಹಾಕಿಸಬೇಕಾದ ಟಿಡಿ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಆರರಿಂದ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಗಂಡುಮಕ್ಕಳಿಗೂ ಉಂಟು. ಅದನ್ನು ಊಟವಾದ ಮೇಲೆಯೇ ನುಂಗಬೇಕು.

ಗೆಳೆಯರು, ರೇಗಿಸುವವರು

ಐದರಲ್ಲಿ ಶಾಲೆಗೇ ಹಿರಿಯನಾಗಿದ್ದವನು ಆರರಲ್ಲಿ ಮತ್ತೆ ಚಿಕ್ಕವನು. ಅಡ್ಡಹೆಸರು ಬೀಳುತ್ತದೆ, ಟೋಪಿ ಮಾಯವಾಗುತ್ತದೆ, ಕಡೆಯ ಬೆಂಚು ಯಾರದೆಂಬ ಜಗಳ ಹುಟ್ಟುತ್ತದೆ. ಕೀಟಲೆ ಯಾವುದು, ಕಾಟ ಯಾವುದು ಎಂದು ಹುಡುಗನಿಗೆ ಗೊತ್ತಿರಬೇಕು. ಇಬ್ಬರೂ ನಕ್ಕರೆ ಕೀಟಲೆ. ಒಬ್ಬನೇ ನಗುತ್ತಿದ್ದು, ದಿನವೂ ಅದೇ ನಡೆದರೆ ಕಾಟ. ಅದನ್ನು ಮೇಷ್ಟ್ರಿಗೆ ಹೇಳುವುದು ಚಾಡಿಯಲ್ಲ.

ಶಿಕ್ಷಕರೇ ಹೊಡೆದರೆ? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಮುಟ್ಟಬಾರದ ಕಡೆ ಯಾರಾದರೂ ಮುಟ್ಟಿದರೆ ಬಂದು ಹೇಳಬಹುದು, ಹೇಳಿದವನಿಗೆ ಬೈಗುಳವಿಲ್ಲ ಎಂಬ ಭರವಸೆ ಹುಡುಗನಿಗೂ ಬೇಕು. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಆ ನಾಲ್ಕು ಅಂಕಿ ಡೈರಿಯ ಮೊದಲ ಪುಟದಲ್ಲಿರಲಿ.

ಆರಕ್ಕೆ ಬಂದನೆಂದು ಮೊಬೈಲ್ ಕೊಡಿಸುವ ಪದ್ಧತಿಯೂ ಬೆಳೆದಿದೆ. ಇನ್‌ಸ್ಟಾಗ್ರಾಮ್ ಖಾತೆಗೆ ಆ ಕಂಪನಿಯ ನಿಯಮದಲ್ಲೇ ಕನಿಷ್ಠ 13 ವರ್ಷ ಆಗಿರಬೇಕು. ಸುಳ್ಳು ಹುಟ್ಟಿದ ದಿನಾಂಕ ಹಾಕಿ ಮನೆಯವರೇ ಖಾತೆ ತೆರೆದುಕೊಟ್ಟರೆ, ನಿಯಮ ಪಾಲಿಸು ಎಂದು ಆಮೇಲೆ ಹೇಳುವ ಬಾಯಿ ಉಳಿಯುವುದಿಲ್ಲ.

ಚೌಕಟ್ಟು 3: ಸಂಜೆ ಕೇಳಬಹುದಾದ್ದು

• “ಶಾಲೆ ಹೇಗಿತ್ತು?” ಎಂದರೆ “ಹ್ಞೂಂ, ಚೆನ್ನಾಗಿತ್ತು” ಎಂಬಲ್ಲಿಗೆ ಮಾತು ಮುಗಿಯುತ್ತದೆ.

• “ಊಟಕ್ಕೆ ಯಾರ ಪಕ್ಕ ಕೂತಿದ್ದೆ?” ಎಂಬುದಕ್ಕೆ ಹೆಸರು ಬರುತ್ತದೆ. ವಾರವಾದರೂ ಒಂದು ಹೆಸರೂ ಬಾರದಿದ್ದರೆ ಗಮನಿಸಬೇಕು.

• “ಇವತ್ತು ಯಾವ ಮೇಷ್ಟ್ರು ಎಲ್ಲರನ್ನೂ ನಗಿಸಿದ್ರು?” ಎಂದರೆ ಕಥೆಯೇ ಬರುತ್ತದೆ.

• ಚೀಲ ಇಳಿಸಿದ ಕೂಡಲೇ ಪ್ರಶ್ನೆ ಬೇಡ. ಕೈಕಾಲು ತೊಳೆದು ತಿಂಡಿ ತಿಂದ ಮೇಲೆ ಮಾತು ತಾನಾಗಿಯೇ ಬರುತ್ತದೆ.

ಮೊದಲ ತಿಂಗಳ ಲೆಕ್ಕ

ಜೂನ್ ಇಡೀ ಹೊಂದಿಕೊಳ್ಳುವ ತಿಂಗಳು. ಸುಸ್ತು, ಸಿಡುಕು, ಭಾನುವಾರ ಸಂಜೆಯ ಮೌನ ಇವು ಇದ್ದೇ ಇರುತ್ತವೆ. ಜುಲೈ ಮುಗಿದರೂ ಬೆಳಗಾದರೆ ಹೊಟ್ಟೆನೋವು, ರಜೆಯ ದಿನ ಮಾತ್ರ ಅದು ಮಾಯ, ಊಟ ಕಡಿಮೆ, ಪುಸ್ತಕ ಹರಿದಿರುವುದು, ಹಳೆಯ ಗೆಳೆಯರ ಹೆಸರನ್ನೂ ಎತ್ತದಿರುವುದು ಕಂಡರೆ ಕಾರಣ ಹುಡುಕಬೇಕು. ಮೊದಲು ಹೋಗಬೇಕಾದ್ದು ತರಗತಿ ಶಿಕ್ಷಕರ ಹತ್ತಿರ, ಅದೂ ಹುಡುಗನಿಗೆ ತಿಳಿಸಿಯೇ. ಅಲ್ಲಿ ಬಗೆಹರಿಯದಿದ್ದರೆ ಮುಖ್ಯ ಶಿಕ್ಷಕರಿದ್ದಾರೆ. ಸರ್ಕಾರಿ ಶಾಲೆಯಾದರೆ ತಂದೆತಾಯಿಯರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ.

ಮೊದಲ ರೂಪಣಾತ್ಮಕ ಪರೀಕ್ಷೆಯ ಅಂಕವನ್ನು ಐದನೇ ತರಗತಿಯ ಅಂಕಕ್ಕೆ ಹೋಲಿಸುವುದು ಸಲ್ಲದು. ಪಕ್ಕದ ಮನೆಯ ಹುಡುಗನದಕ್ಕಂತೂ ಬೇಡವೇ ಬೇಡ. ಹೋಲಿಸಬೇಕಾದ್ದು ಅದೇ ವರ್ಷದ ಎರಡನೇ ಪರೀಕ್ಷೆಯ ಜೊತೆ.

ದಸರಾ ರಜೆಗೆ ಶಾಲೆ ಮುಚ್ಚುವ ಹೊತ್ತಿಗೆ ಹುಡುಗ ತನ್ನ ಬ್ಯಾಗನ್ನು ತಾನೇ ತುಂಬಿಕೊಳ್ಳುತ್ತಿದ್ದರೆ, ನಾಳೆ ಯಾವ ಪೀರಿಯಡ್ ಎಂದು ಅಮ್ಮನನ್ನು ಕೇಳದಿದ್ದರೆ, ಒಬ್ಬ ಗೆಳೆಯನ ಹೆಸರನ್ನೂ ಒಬ್ಬ ಮೇಷ್ಟ್ರ ಹೆಸರನ್ನೂ ಖುಷಿಯಿಂದ ಹೇಳುತ್ತಿದ್ದರೆ ತಯಾರಿ ಫಲಿಸಿದೆ ಎಂದೇ ಲೆಕ್ಕ. ಇನ್ನೂ ಆಗಿಲ್ಲವೇ? ಇನ್ನೊಂದು ತಿಂಗಳು ಪಕ್ಕದಲ್ಲಿ ಕೂರಿ. ಬ್ಯಾಗಿಗೆ ಮಾತ್ರ ಕೈ ಹಾಕಬೇಡಿ.